ಐಇಎಂ ಸೀಟು ಬಂದಿದೆ, ತಗೊಳ್ಳೋದಾ ಬಿಡೋದಾ?

ಕಳೆದ ವರ್ಷ ಸಿಇಟಿ ಸೀಟು ಹಂಚಿಕೆ ನಡೆಯುತ್ತಿದ್ದಾಗ ನಮ್ಮ ಹಿಂದಿನ ಬೀದಿಯ ಅಕ್ಕ ಒಬ್ಬರು ರಾತ್ರಿ ಎಂಟೂವರೆಗೆ ಮೊಬೈಲ್ ಹಿಡಿದುಕೊಂಡೇ ಮನೆಗೆ ಬಂದರು. "ನೋಡಮ್ಮಾ, ಮಗಳಿಗೆ ಬೆಂಗಳೂರಲ್ಲಿ ಒಳ್ಳೆ ಕಾಲೇಜೇ ಸಿಕ್ಕಿದೆ. ಆದ್ರೆ ಬ್ರಾಂಚು ಐಇಎಂ ಅಂತೆ. ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್. ಇದು ಇಂಜಿನಿಯರಿಂಗಾ, ಬಿಬಿಎ ಥರದ್ದಾ? ನಮ್ ಮೈದುನ ಹೇಳ್ತಾನೆ, ಹೆಣ್ಣುಮಗೂನ ಫ್ಯಾಕ್ಟರಿಗೆ ಕಳಿಸ್ತೀರಾ, ಎಲ್ಲಾದ್ರೂ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟು ಕೊಡ್ಸಿ ಅಂತ. ಅದಕ್ಕೆ ಹೊಲ ಅಡ ಇಡಬೇಕು..."

ನಾನು ಓದಿದ್ದು ಬಿ.ಎ. "ಒಂದು ದಿನ ಟೈಮ್ ಕೊಡಿ ಅಕ್ಕಾ" ಅಂದೆ. ಹೊಲದ ಮಾತು ಬಂದಿತ್ತಲ್ಲ, ಸುಮ್ಮನೆ ಏನೋ ಒಂದು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನೆಲ್ಲ ನಿಮಗೂ ಹೇಳುತ್ತಿದ್ದೇನೆ. ಯಾಕೆಂದರೆ ಈ ಪ್ರಶ್ನೆ ಚನ್ನಪಟ್ಟಣದ ಅಕ್ಕನದ್ದು ಮಾತ್ರ ಅಲ್ಲ, ಪಿಯುಸಿ ಮುಗಿಸಿದ ಮಕ್ಕಳಿರುವ ಎಷ್ಟೋ ಮನೆಗಳದ್ದು.

ಮೊದಲು ಇದೇನು ಅಂತ ನೋಡೋಣ. ಸಿವಿಲ್‌ನವರು ಕಟ್ಟಡ ಕಟ್ಟುತ್ತಾರೆ, ಮೆಕ್ಯಾನಿಕಲ್‌ನವರು ಯಂತ್ರ ಮಾಡುತ್ತಾರೆ. ಇಂಡಸ್ಟ್ರಿಯಲ್ ಇಂಜಿನಿಯರ್ ನೋಡುವುದು ಕೆಲಸವನ್ನು! ಬೆಳಿಗ್ಗೆ ಆರಕ್ಕೆ ಎದ್ದು ಏಳೂವರೆ ಒಳಗೆ ತಿಂಡಿ, ಎರಡು ಡಬ್ಬಿ, ಅತ್ತೆಯವರ ಕಾಫಿ, ಸ್ಕೂಲ್ ವ್ಯಾನು ಎಲ್ಲ ಮುಗಿಸುತ್ತೀರಲ್ಲ, ಯಾವುದನ್ನು ಮೊದಲು ಒಲೆ ಮೇಲೆ ಇಡಬೇಕು, ಯಾವುದು ಬೇಯುವಾಗ ಯಾವುದನ್ನು ಹೆಚ್ಚಿಕೊಳ್ಳಬೇಕು ಅಂತ ನಿಮ್ಮ ತಲೆಯಲ್ಲಿ ಓಡುವ ಲೆಕ್ಕವೇ ಇದು. ಕಾರ್ಖಾನೆ, ಆಸ್ಪತ್ರೆ, ಗೋದಾಮಿಗೆ ಅದನ್ನು ಗಣಿತ ಹಾಕಿ ಮಾಡುತ್ತಾರೆ.

ಇದನ್ನು ಬೆಳೆಸಿದವರಲ್ಲಿ ಒಬ್ಬರು ಹನ್ನೆರಡು ಮಕ್ಕಳನ್ನು ಹೆತ್ತ ತಾಯಿ ಅಂದರೆ ನಂಬ್ತೀರಾ? ಅಮೆರಿಕದ ಲಿಲಿಯನ್ ಗಿಲ್ಬ್ರೆತ್. ಗಂಡ ಫ್ರ್ಯಾಂಕ್ ಗಾರೆ ಕೆಲಸ ಮಾಡಿಕೊಂಡು ಬಂದವರು. ಒಂದು ಇಟ್ಟಿಗೆ ಇಡಲು ಹದಿನೆಂಟು ಸಲ ಕೈಕಾಲು ಆಡಿಸುತ್ತಿದ್ದುದನ್ನು ನಾಲ್ಕೈದಕ್ಕೆ ಇಳಿಸಿ ತೋರಿಸಿದರು. ಹೇಗೆ? ಇಟ್ಟಿಗೆಯನ್ನು ನೆಲದ ಮೇಲೆ ಇಡದೆ ಕೈಗೆಟುಕುವ ಎತ್ತರದಲ್ಲಿ ಜೋಡಿಸಿ ಇಡುವಂಥ ಸಣ್ಣ ಬದಲಾವಣೆಗಳಿಂದ. 1924ರಲ್ಲಿ ಫ್ರ್ಯಾಂಕ್ ತೀರಿಕೊಂಡರು. ಹೆಂಗಸು ಒಬ್ಬಳೇ ಏನು ಮಾಡಿಯಾಳು ಅಂತ ಕಂಪನಿಗಳು ಕೆಲಸ ಕೊಡಲು ಹಿಂದೇಟು ಹಾಕಿದವು. ಆಗ ಲಿಲಿಯನ್ ಅಡುಗೆಮನೆಯನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಒಲೆ, ಸಿಂಕು, ಸಾಮಾನಿನ ಕಪಾಟು ಒಂದಕ್ಕೊಂದು ಎಷ್ಟು ಹೆಜ್ಜೆ ದೂರ ಇರಬೇಕು ಅಂತ ಲೆಕ್ಕ ಹಾಕಿದರು. ಕಾಲಲ್ಲಿ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲ ಒಳಗಿನ ಅರೆ, ಎರಡಕ್ಕೂ ಅವರ ಹೆಸರನ್ನೇ ಹೇಳುತ್ತಾರೆ. ಮುಂದೆ 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅಕ್ಕನ ಮೈದುನನಿಗೆ ಇಷ್ಟು ಸಾಕು ಅಂದುಕೊಂಡೆ. ಆದರೆ ಅವರಿಗೆ ಬೇಕಿದ್ದದ್ದು ಕೆಲಸ ಎಲ್ಲಿ ಸಿಗುತ್ತೆ ಅನ್ನೋದು. ಅದೂ ಸರಿಯೇ!

2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನಮ್ಮ ಜಿಲ್ಲೆಯಲ್ಲಿ ಈ ವಿದ್ಯೆಗೆ ದೂರ ಹೋಗಬೇಕಾಗಿಲ್ಲ. ಚನ್ನಪಟ್ಟಣದಿಂದ ಬೆಂಗಳೂರಿನ ಕಡೆ ಹೊರಟರೆ ಬಿಡದಿ. ಅಲ್ಲಿ ಬಾಷ್ ಇದೆ, ಕೋಕಾ-ಕೋಲಾ ಇದೆ, ಬ್ರಿಟಾನಿಯಾ ಇದೆ. ಎಲ್ಲಕ್ಕಿಂತ ಹೆಸರುವಾಸಿ ಟೊಯೊಟಾ ಕಿರ್ಲೋಸ್ಕರ್. 1999ರ ಕೊನೆಯಲ್ಲಿ ಕ್ವಾಲಿಸ್ ಕಾರಿನೊಂದಿಗೆ ಶುರುವಾದ ಕಾರ್ಖಾನೆ. ಮೂರನೇ ಘಟಕಕ್ಕಾಗಿ ಸುಮಾರು 3,300 ಕೋಟಿ ರೂಪಾಯಿ ಹೂಡುವುದಾಗಿ 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಓದುವ ಮಕ್ಕಳು ಯಾವ ಕಾಲೇಜಿನಲ್ಲಿದ್ದರೂ ಟೊಯೊಟಾದ ಕೆಲಸದ ಕ್ರಮವನ್ನು ಪಾಠವಾಗಿ ಓದುತ್ತಾರೆ. ತೈಚಿ ಓನೊ ಎಂಬ ಜಪಾನಿ ಇಂಜಿನಿಯರ್ ಏಳು ಬಗೆಯ ವ್ಯರ್ಥಗಳನ್ನು ಪಟ್ಟಿ ಮಾಡಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಸುಮ್ಮನೆ ಅಲ್ಲಿಂದಿಲ್ಲಿಗೆ ಸಾಗಿಸುವುದು, ಬೇಡದ ಸಂಸ್ಕರಣೆ, ರಾಶಿ ಬಿದ್ದ ದಾಸ್ತಾನು, ಬೇಡದ ಓಡಾಟ, ಕೆಟ್ಟ ಮಾಲು. ನನ್ನ ಫ್ರಿಜ್ಜಿನಲ್ಲೇ ಇದರಲ್ಲಿ ಮೂರು ಸಿಗುತ್ತವೆ, ಬಿಡಿ.

ಈಗ ಅದೇ ಊರಿನ ಇನ್ನೊಂದು ಸುದ್ದಿ. 2020ರ ನವೆಂಬರ್‌ನಲ್ಲಿ ಆ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್ ಆಗಿ ತಿಂಗಳುಗಟ್ಟಲೆ ಎಳೆಯಿತು, ನೆನಪಿದೆಯಾ? ಉತ್ಪಾದನೆಯ ಗುರಿ ಏರಿಸಿದ್ದರಿಂದ ಕೆಲಸದ ಹೊರೆ ತಡೆಯಲಾಗುತ್ತಿಲ್ಲ ಎಂಬುದು ಕಾರ್ಮಿಕ ಸಂಘದ ದೂರಾಗಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ, ಇದು ಶಿಸ್ತಿನ ಪ್ರಶ್ನೆ ಎಂದಿತು. ಯಾರು ಸರಿ ಅಂತ ಇಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಆದರೆ ಜಗಳದ ಬೇರು ಎಲ್ಲಿರುತ್ತದೆ ಅನ್ನುವುದನ್ನು ಲೆಕ್ಕದಲ್ಲಿ ಹೇಳಬಹುದು. ಉದಾಹರಣೆಗೆ ಅಂದುಕೊಳ್ಳಿ, ಊಟ ಕಾಫಿ ಕಳೆದು ಒಂದು ಪಾಳಿಯಲ್ಲಿ 450 ನಿಮಿಷ ಕೆಲಸ. ದಿನಕ್ಕೆ 150 ಗಾಡಿ ಬೇಕು ಅಂದರೆ ಪ್ರತಿ ಗಾಡಿ ಪ್ರತಿ ಕೆಲಸಗಾರನ ಮುಂದೆ ಮೂರು ನಿಮಿಷ ಇರುತ್ತದೆ. 180 ಬೇಕು ಅಂದರೆ ಎರಡೂವರೆ ನಿಮಿಷ. ಕಾಗದದ ಮೇಲೆ ಅರ್ಧ ನಿಮಿಷ. ಆದರೆ ನೀರು ಕುಡಿಯೋದು, ಬೆವರು ಒರೆಸಿಕೊಳ್ಳೋದು, ಬೆನ್ನು ನೆಟ್ಟಗೆ ಮಾಡೋದು ಎಲ್ಲ ಆ ಅರ್ಧ ನಿಮಿಷದಲ್ಲೇ ಇರುತ್ತೆ. ಇಟ್ಟಿಗೆಯನ್ನು ಕೈಯೆತ್ತರಕ್ಕೆ ತಂದು ಸಮಯ ಉಳಿಸಿದರೆ ಬೆನ್ನಿಗೆ ಸುಖ. ಏನನ್ನೂ ಬದಲಿಸದೆ ಬರೀ ಗಡಿಯಾರವನ್ನು ಬಿಗಿ ಮಾಡಿದರೆ? ಎರಡನ್ನೂ ಮಾಡುವುದು ಇದೇ ಓದು ಓದಿದವರು.

ಗಾರ್ಮೆಂಟ್ಸ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಬೆಳಗಾಗುತ್ತಲೇ ಹಳ್ಳಿಗಳಿಂದ ವ್ಯಾನಿನಲ್ಲಿ ಒತ್ತಿಕೊಂಡು ಹೋಗುವ ಹೆಣ್ಣುಮಕ್ಕಳನ್ನು ನೀವೂ ನೋಡಿರುತ್ತೀರಿ. ಗಂಟೆಗೆ ಇಷ್ಟು ಕಾಲರ್, ಇಷ್ಟು ತೋಳು ಅಂತ ಅವರ ಲೈನಿಗೆ ಟಾರ್ಗೆಟ್ ಇರುತ್ತದಲ್ಲ, ಅದನ್ನು ಕೂಡಿಸಿ ಕಳೆದು ಹಾಕುವುದು ಐಇ ವಿಭಾಗ. ಒಂದು ಹೊಲಿಗೆಗೆ ಇಷ್ಟು ನಿಮಿಷ ಅಂತ ನಿಗದಿ ಮಾಡಿ, ಅದಕ್ಕೆ ಸುಸ್ತು, ಶೌಚದ ಬಿಡುವು ಸೇರಿಸಬೇಕು ಅಂತ ಪಠ್ಯಪುಸ್ತಕವೇ ಹೇಳುತ್ತದೆ. ಸೇರಿಸುವವರು ಯಾರು, ಎಷ್ಟು ಸೇರಿಸುತ್ತಾರೆ ಅನ್ನೋದರ ಮೇಲೆ ಆ ಹೆಣ್ಣುಮಕ್ಕಳ ದಿನ ನಿಂತಿದೆ. ಮುಟ್ಟಿನ ದಿನ ಎಂಟು ಗಂಟೆ ಕೂತು ಹೊಲಿಯೋದು ಏನು ಅಂತ ಗೊತ್ತಿರುವ ಒಬ್ಬಳು ಆ ಕುರ್ಚಿಯಲ್ಲಿದ್ದರೆ ಚೆನ್ನ ಅಲ್ವಾ? ಹೆಣ್ಣುಮಕ್ಕಳಿಗೆ ಫ್ಯಾಕ್ಟರಿ ಬೇಡ ಅನ್ನುವವರಿಗೆ ನನ್ನ ಉತ್ತರ ಇದೇ.

ಇನ್ನು ನಮ್ಮೂರ ಗೊಂಬೆ. ಆಲೆ ಮರ ತಂದು ತಿಂಗಳುಗಟ್ಟಲೆ ಒಣಗಿಸಿ, ಲೇತಿಗೆ ಹಾಕಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೇ ಅರಗು ಕರಗಿ ಅಂಟುತ್ತದೆ. ಆಮೇಲೆ ಗರಿಯಲ್ಲಿ ಉಜ್ಜಿ ಹೊಳಪು. ಜಿಐ ಮಾನ್ಯತೆ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ಆಟಿಕೆಗಳ ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿತು. ಅಷ್ಟಾದರೂ 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ರಸ್ತೆಬದಿಯ ಗಿರಾಕಿಯನ್ನು ನಂಬಿ ಕೂರುವ ಹಾಗಿಲ್ಲ, ದೂರದ ಆರ್ಡರ್ ಹಿಡಿಯಬೇಕು. ದೂರದವರು ಸಾವಿರ ಗೊಂಬೆ ಕೇಳಿದರೆ ಸಾವಿರವೂ ಒಂದೇ ಅಳತೆ, ಹೇಳಿದ ದಿನಕ್ಕೆ ಬೇಕು. ಮರ ಯಾವಾಗ ತರಬೇಕು, ಎಷ್ಟು ಒಣಗಿರಬೇಕು, ಧೂಳು ಕುಡಿಯದ ಹಾಗೆ ಲೇತು ಎಲ್ಲಿಡಬೇಕು... ಇದೆಲ್ಲ ಐಇ ಲೆಕ್ಕವೇ. ಆದರೆ ಇದಕ್ಕೆ ಸಂಬಳ ಕೊಡುವಷ್ಟು ಶಕ್ತಿ ಸಣ್ಣ ಕೈಗಾರಿಕೆಗಿಲ್ಲ. ಗೊಂಬೆ ಮನೆಯ ಮಕ್ಕಳೇ ಓದಿಕೊಂಡು ಬಂದರೆ ಆದೀತು.

ಓದಿನ ದಾರಿಗೆ ಬರೋಣ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿ ಸಿಇಟಿ ಬರೆದವರಿಗೆ ಐಇಎಂ ಸಿಗುತ್ತದೆ. ಬೆಂಗಳೂರಿನಲ್ಲಿ ಆರ್.ವಿ., ಬಿಎಂಎಸ್, ರಾಮಯ್ಯದಂಥ ಹಳೇ ಕಾಲೇಜುಗಳಲ್ಲಿ ಈ ಬ್ರಾಂಚು ಬಹಳ ವರ್ಷದಿಂದ ಇದೆ. ಎಲ್ಲ ಕಾಲೇಜಲ್ಲೂ ಇಲ್ಲ, ಹಾಗಾಗಿ ಆಯಾ ವರ್ಷದ ಕೆಇಎ ಪಟ್ಟಿ ನೋಡಿಕೊಳ್ಳಿ. ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್, ಸರಕು ಸಾಗಣೆ, ವೆಚ್ಚದ ಲೆಕ್ಕ ಎಲ್ಲ ಬರುತ್ತೆ. ಗಣಿತ ಅಂದರೆ ಓಡುವ ಮಕ್ಕಳಿಗೆ ಹೆಸರಿನಲ್ಲಿ ಮ್ಯಾನೇಜ್‌ಮೆಂಟ್ ಇದೆ ಅಂತ ಕೊಡಿಸಬೇಡಿ. ಮುಂದೆ ಗೇಟ್ ಪರೀಕ್ಷೆಯಲ್ಲಿ ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್ ಅಂತಲೇ ಒಂದು ಪತ್ರಿಕೆ ಇದೆ, ಎಂ.ಟೆಕ್‌ಗೆ ದಾರಿ. ಈ ವಿಷಯಕ್ಕೇ ಹೆಸರಾಗಿದ್ದ ಮುಂಬೈನ ನೈಟಿ 2023ರಲ್ಲಿ ಐಐಎಂ ಮುಂಬೈ ಆಗಿದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ? ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯೂ ಇದೆ. ಬಡ, ಗ್ರಾಮೀಣ ಮಕ್ಕಳಿಗೆ ಮೂರು ವರ್ಷ ಅಲ್ಲೇ ಇದ್ದು ಕಲಿಯುವ ಉಚಿತ ತರಬೇತಿ. ಮೊದಲು ಹುಡುಗರಿಗೆ ಮಾತ್ರ ಇತ್ತು, ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ. ಇದು ಕೆಲಸಕ್ಕೆ ತಯಾರು ಮಾಡುವ ತರಬೇತಿ. ಮುಂದೆ ಬಿಇ ಓದಿಸುವ ಆಸೆ ಇದ್ದರೆ ಅದಕ್ಕೆ ದಾರಿ ಇದೆಯಾ ಅಂತ ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ.

ಕಹಿಯನ್ನೂ ಹೇಳಿಬಿಡ್ತೀನಿ. ಸರ್ಕಾರಿ ಇಂಜಿನಿಯರ್ ಹುದ್ದೆಗಳಲ್ಲಿ ಹೆಚ್ಚಾಗಿ ಕೇಳೋದು ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್. ಸರ್ಕಾರಿ ನೌಕರಿಯೇ ಗುರಿಯಾದರೆ ಐಇಎಂ ಸರಿಯಾದ ದಾರಿ ಅಲ್ಲ. ಕಾರ್ಖಾನೆಯಲ್ಲಿ ಶುರುವಿನ ಸಂಬಳ ಒಳ್ಳೆ ಸಾಫ್ಟ್‌ವೇರ್ ಕಂಪನಿಯಷ್ಟು ಇರೋದಿಲ್ಲ, ಪಾಳಿ ಇರುತ್ತೆ. ಓದಿದವರಲ್ಲಿ ಎಷ್ಟೋ ಜನ ಕೊನೆಗೆ ಸಾಫ್ಟ್‌ವೇರ್, ಡೇಟಾ ಕೆಲಸಕ್ಕೇ ಹೋಗುತ್ತಾರೆ. ಹಾಗೆ ಹೋಗೋಕೆ ಬಾಗಿಲು ತೆರೆದಿದೆ ಅನ್ನೋದು ಸಮಾಧಾನವೂ ಹೌದು. ಆದರೆ ಗೊತ್ತಿಲ್ಲದ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ಹೊಲ ಅಡ ಇಡೋದಕ್ಕಿಂತ, ರ್‍ಯಾಂಕಿಗೆ ಬಂದ ಒಳ್ಳೆ ಕಾಲೇಜಿನ ಐಇಎಂ ಮೇಲು ಅನ್ನೋದು ನನ್ನ ಅಭಿಪ್ರಾಯ.

ಅಕ್ಕನಿಗೆ ಮರುದಿನ ಇಷ್ಟೂ ಹೇಳಿ, ಕೆಇಎಯ ನಾಲ್ಕು ಚಾಯ್ಸ್ ವಿವರಿಸಿದೆ. ಚಾಯ್ಸ್ ಒಂದು ಅಂದರೆ ಸೀಟು ಒಪ್ಪಿಗೆ. ಎರಡು ಅಂದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದ್ದು ಸಿಕ್ಕರೆ ನೋಡೋಣ ಅಂತ. ಮೂರು ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ಕಾಯ್ತೀವಿ. ನಾಲ್ಕು ಅಂದರೆ ನಮಸ್ಕಾರ! ಗಾಬರಿಯಲ್ಲಿ ಮೂರು ಒತ್ತಿ ಇದ್ದದ್ದನ್ನೂ ಕಳೆದುಕೊಂಡವರಿದ್ದಾರೆ, ನಿಯಮ ಎರಡು ಸಲ ಓದಿಯೇ ಒತ್ತಿ. ಇಷ್ಟು ಹೊತ್ತೂ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ಹುಡುಗಿಯನ್ನು ಆಗ ಕೇಳಿದೆ, "ನಿನಗೇನು ಇಷ್ಟ?" ಅಂತ. "ಆಂಟಿ, ನಂಗೆ ಮ್ಯಾಥ್ಸ್ ಇಷ್ಟ. ಕೋಡಿಂಗ್ ಅಷ್ಟು ಗೊತ್ತಿಲ್ಲ" ಅಂದಳು. ಅದನ್ನು ಯಾರೂ ಕೇಳಿರಲೇ ಇಲ್ಲ.

ಚಾಯ್ಸ್ ಒಂದು ಒತ್ತಿದರು. ಹೊಲ ಹಾಗೇ ಇದೆ. ಮೊನ್ನೆ ಹಬ್ಬಕ್ಕೆ ಬಂದವಳು ಅಮ್ಮನ ಅಡುಗೆಮನೆಯಲ್ಲಿ ನಿಂತು ಹೆಜ್ಜೆ ಎಣಿಸಿ ಬೇಳೆ ಡಬ್ಬಗಳ ಜಾಗವನ್ನೆಲ್ಲ ಬದಲಿಸಿ ಹೋದಳಂತೆ. ಬಸ್ಸು ಹತ್ತಿದ ಮೇಲೆ ಅಕ್ಕ ಎಲ್ಲವನ್ನೂ ಮತ್ತೆ ಹಳೇ ಜಾಗಕ್ಕೇ ಇಟ್ಟುಕೊಂಡಿದ್ದಾರೆ. ಉಪ್ಪಿನ ಜಾಡಿಯೊಂದನ್ನು ಮಾತ್ರ ಒಲೆ ಪಕ್ಕದಲ್ಲೇ ಬಿಟ್ಟಿದ್ದಾರೆ.