ಕಾಣದ ಗಾಯ

ತುಂಗಭದ್ರೆಯ ನೀರುಂಡ ಸಿರುಗುಪ್ಪ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ರಸ್ತೆಗಳಿಗೆ ಬಿಡುವೆಂಬುದಿರುವುದಿಲ್ಲ. ಚೀಲಗಳನ್ನು ಹೇರಿಕೊಂಡು ಅಕ್ಕಿ ಗಿರಣಿಗಳತ್ತ ಸಾಗುವ ಲಾರಿಗಳು, ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರುಗಳು, ಮದುವೆಗೋ ಜಾತ್ರೆಗೋ ಹೊರಟ ಕಾರುಗಳು ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಇಂಥ ದಾರಿಯಲ್ಲಿ ಒಂದು ಮುಸ್ಸಂಜೆ ನಡೆಯಬಹುದಾದ ಸಂಗತಿಯನ್ನು ಊಹಿಸಿಕೊಳ್ಳಬಹುದು. ಮುಂದೆ ಹೋಗುತ್ತಿರುವ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂಬದಿಯ ಕೆಂಪು ದೀಪವಿಲ್ಲ. ಹಿಂದಿನಿಂದ ಬಂದ ಕಾರಿನ ಚಾಲಕ ಕಡೆಯ ಗಳಿಗೆಯಲ್ಲಿ ಬ್ರೇಕು ಒತ್ತುತ್ತಾನೆ. ಕಾರು ಟ್ರೇಲರಿಗೆ ಬಡಿದು ನಿಲ್ಲುತ್ತದೆ. ದೀಪ ಒಡೆದಿದೆ, ಬಂಪರು ತಗ್ಗಿದೆ; ಹೊರನೋಟಕ್ಕೆ ಬೇರಾವ ಹಾನಿಯೂ ಇಲ್ಲ.

ಜನ ಸೇರುತ್ತಾರೆ. ತಪ್ಪು ಯಾರದು, ದೀಪಕ್ಕೆಷ್ಟು, ಬಂಪರಿಗೆಷ್ಟು ಎಂಬ ವಾದ ಏರುತ್ತದೆ. ಹಿಂದಿನ ಸೀಟಿನಲ್ಲಿ ವೃದ್ಧೆಯೊಬ್ಬಳು ಪಕ್ಕೆ ಹಿಡಿದುಕೊಂಡು ಕುಳಿತಿದ್ದಾಳೆ. "ಪೆಟ್ಟು ಬಿದ್ದೈತೇನಮ್ಮಾ?" ಎಂದು ಯಾರೋ ಕೇಳುತ್ತಾರೆ. "ಏನಿಲ್ಲಪ್ಪಾ, ಒಂಚೂರು ನೋವು ಅಷ್ಟೇ" ಎನ್ನುತ್ತಾಳೆ ಆಕೆ. ಕೊನೆಗೆ ರಾಜಿಯಾಗುತ್ತದೆ, ಹಣ ಕೈ ಬದಲಾಯಿಸುತ್ತದೆ, ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಕಾರಿನ ಗಾಯವನ್ನು ಹತ್ತು ಜನ ಅಳೆದರು; ಮನುಷ್ಯಳ ಗಾಯವನ್ನು ಒಬ್ಬರೂ ಅಳೆಯಲಿಲ್ಲ.

ಸಣ್ಣ ಅಪಘಾತವೆಂದರೆ ಸಣ್ಣ ಗಾಯವೆಂದು ಜನ ನಂಬಿದ್ದಾರೆ. ಈ ನಂಬಿಕೆ ಪ್ರಾಣಕ್ಕೆ ಎರವಾಗಬಲ್ಲದು. ವಾಹನಕ್ಕಾದ ಹಾನಿ ಬೇರೆ, ಅದರೊಳಗಿದ್ದ ದೇಹಕ್ಕಾದ ಹಾನಿ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ನಿರ್ಣಯಿಸುವುದು ಸರಿಯಲ್ಲ.

ಜಡತ್ವದ ನಿಯಮವನ್ನು ಓದಿದ ವಿದ್ಯಾರ್ಥಿಗಳಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಕಾರು ನಿಂತರೂ ಒಳಗಿರುವವನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತದೆ. ದೇಹ ನಿಂತ ಮೇಲೂ ತಲೆಬುರುಡೆಯೊಳಗಿನ ಮಿದುಳು, ಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತು ಮತ್ತು ಗುಲ್ಮ ಒಂದು ಕ್ಷಣ ಚಲಿಸುತ್ತಲೇ ಇರುತ್ತವೆ. ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಸುಮಾರು 5 ಮೀಟರು, ಅಂದರೆ ಮೂರಾಳೆತ್ತರದಿಂದ ಬಿದ್ದವನು ನೆಲ ಮುಟ್ಟುವ ವೇಗವೂ ಅದೇ. ಕಾರಿನ ಮುಂಭಾಗ ಕುಗ್ಗಿ ಆಘಾತವನ್ನು ತಕ್ಕಮಟ್ಟಿಗೆ ಹೀರಿಕೊಳ್ಳುತ್ತದೆ, ಸೀಟು ಬೆಲ್ಟು ದೇಹವನ್ನು ಹಿಡಿದುಕೊಳ್ಳುತ್ತದೆ ಎಂಬುದು ನಿಜ. ಆದರೆ ಬೆಲ್ಟು ಕಟ್ಟಿಕೊಳ್ಳದವನಿಗೆ ಆ ರಕ್ಷಣೆಯ ಬಹುಪಾಲು ದೊರೆಯುವುದಿಲ್ಲ. ಮರದಿಂದ ಬಿದ್ದವನನ್ನು ಊರವರು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಅದೇ ವೇಗದಲ್ಲಿ ಮುಂದಿನ ಸೀಟಿಗೆ ಅಪ್ಪಳಿಸಿದವನಿಗೆ "ಏನೂ ಆಗಿಲ್ಲ, ಬಿಡು" ಎನ್ನುತ್ತಾರೆ.

ಒಳಗಾಯದ ಕ್ರೂರತೆ ಇರುವುದು ಅದರ ಮೌನದಲ್ಲಿ. ತಲೆಗೆ ಪೆಟ್ಟು ಬಿದ್ದಾಗ ಬುರುಡೆಗೂ ಮಿದುಳಿನ ಪೊರೆಗೂ ನಡುವೆ ರಕ್ತನಾಳ ಹರಿದು ರಕ್ತ ಸೋರಬಹುದು. ಆಗ ಗಾಯಾಳು ಮೊದಮೊದಲು ಚೆನ್ನಾಗಿಯೇ ಮಾತನಾಡುತ್ತಾನೆ, ನಡೆದಾಡುತ್ತಾನೆ. ರಕ್ತ ಶೇಖರವಾಗಿ ಮಿದುಳನ್ನು ಒತ್ತತೊಡಗಿದಾಗ ಮಂಪರು ಕವಿದು ಪ್ರಜ್ಞೆ ತಪ್ಪುತ್ತಾನೆ. ಗುಲ್ಮ ಅಥವಾ ಯಕೃತ್ತು ಒಡೆದರೆ ಚರ್ಮದ ಮೇಲೆ ಒಂದು ಗೀರೂ ಇಲ್ಲದೆ ಹೊಟ್ಟೆಯೊಳಗೆ ರಕ್ತ ತುಂಬಬಹುದು. ವಯಸ್ಸಾದವರು, ಗರ್ಭಿಣಿಯರು, ಮಕ್ಕಳು, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು, ಇವರಿಗೆ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ದೇಶವೇ ಕಂಡ ಒಂದು ನಿದರ್ಶನವುಂಟು. 2014ರ ಜೂನ್ 3ರ ಬೆಳಗ್ಗೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವ ಗೋಪಿನಾಥ ಮುಂಡೆಯವರು ದೆಹಲಿಯ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ವೃತ್ತವೊಂದರ ಬಳಿ ಇನ್ನೊಂದು ಕಾರು ಅವರ ಕಾರಿನ ಪಕ್ಕಕ್ಕೆ ಬಡಿಯಿತು. ಅವರು ಹಿಂದಿನ ಸೀಟಿನಲ್ಲಿದ್ದರು, ಬೆಲ್ಟು ಕಟ್ಟಿಕೊಂಡಿರಲಿಲ್ಲ. ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಆದರೂ ಕುತ್ತಿಗೆಯ ಮೂಳೆ ಮುರಿದಿತ್ತು, ಯಕೃತ್ತು ಒಡೆದಿತ್ತು. ಬಹುಬೇಗನೆ ಆಸ್ಪತ್ರೆಗೆ ಒಯ್ದರೂ ಅವರು ಉಳಿಯಲಿಲ್ಲ. ರಾಜಧಾನಿಯ ನಡುವೆ, ಹೆಸರಾಂತ ಆಸ್ಪತ್ರೆಯ ಸಮೀಪದಲ್ಲಿ ಹೀಗಾಗಬಹುದಾದರೆ ಹೊಲಗಳ ನಡುವಿನ ದಾರಿಯಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಳ್ಳಾರಿ ಸೀಮೆಯಲ್ಲಿ ದೂರವೂ ಒಂದು ವೈರಿ. 1961ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆ ಇರುವುದು ಬಳ್ಳಾರಿ ನಗರದಲ್ಲಿ. ಕುರುಗೋಡಿನಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರು. ಸಿರುಗುಪ್ಪದಿಂದ 50 ಕಿಲೋಮೀಟರಿಗೂ ಹೆಚ್ಚು. ಗಾಯವಾದ ನಂತರದ ಮೊದಲ ಒಂದು ಗಂಟೆಯನ್ನು ವೈದ್ಯರು ಸುವರ್ಣ ಗಳಿಗೆ ಎನ್ನುತ್ತಾರೆ. ಆ ಗಂಟೆಯ ಬಹುಭಾಗ ದಾರಿಯಲ್ಲಿಯೇ ಕಳೆದುಹೋಗುವ ಕಡೆ, ಬಂಪರಿನ ಬೆಲೆಯ ಚರ್ಚೆಯಲ್ಲಿ ಅರ್ಧ ಗಂಟೆ ಪೋಲಾಗುವುದು ಎಂಥ ಅನ್ಯಾಯ!

ಜನ ನೆರವಿಗೆ ಮುಂದಾಗದಿರಲು ನಿರ್ದಯತೆಯೊಂದೇ ಕಾರಣವಲ್ಲ. ಪೊಲೀಸು, ಕೋರ್ಟು, ಸಾಕ್ಷಿ ಎಂಬ ಭಯವೂ ಕಾರಣ. 2017ರ ಫೆಬ್ರವರಿಯಲ್ಲಿ ನೆರೆಯ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ 18 ವರ್ಷದ ಸೈಕಲ್ ಸವಾರನೊಬ್ಬ ನೆರವಿಗಾಗಿ ಅಂಗಲಾಚುತ್ತಿದ್ದಾಗ ಸುತ್ತ ನೆರೆದವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದರು. ಆ ಯುವಕ ಬದುಕಲಿಲ್ಲ. ಅಲ್ಲಿ ಗಾಯ ಕಣ್ಣಿಗೆ ಕಾಣುತ್ತಿತ್ತು. ಆದರೂ ಕೈಗಳು ಮುಂದಾಗಲಿಲ್ಲ. ಕಾಣದ ಗಾಯಕ್ಕೆ ಮಿಡಿಯುವುದು ಇನ್ನೆಷ್ಟು ಕಷ್ಟ!

ಈ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿಗಳೆಲ್ಲ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಸಾರಿತು. ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಗಳಿಗೆ 2016ರಲ್ಲಿ ಅದು ಕಾನೂನಿನ ಬಲವನ್ನು ಕೊಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿಯೂ ಆ ರಕ್ಷಣೆ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಹೆಸರು ಹೇಳೆಂದು ಬಲವಂತಪಡಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ, ನಗದು ಕಟ್ಟದೆ ಚಿಕಿತ್ಸೆ ದೊರೆಯುತ್ತದೆ.

ನೆರವಿಗೆ ಪಾಂಡಿತ್ಯ ಬೇಕಿಲ್ಲ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ ಸೇವೆಯ 108 ಸಂಖ್ಯೆಗೆ ಮೊದಲು ಕರೆ ಮಾಡಬೇಕು. ಹತ್ತಿರದ ಊರು, ಕಾಲುವೆಯ ಸೇತುವೆ, ಕಿಲೋಮೀಟರು ಕಲ್ಲು ಇವುಗಳ ಗುರುತು ಹೇಳಬೇಕು. ಬೆಂಕಿಯ ಅಥವಾ ನೀರಿನ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು. ಕುತ್ತಿಗೆ ಅಲುಗದಂತೆ ನೋಡಿಕೊಳ್ಳಬೇಕು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಗಾಬರಿಯಾದವರಿಗೆ ನೀರು ಕುಡಿಸುವುದು ನಮ್ಮ ನಾಡಿನ ಸೌಜನ್ಯ. ಆದರೆ ಇಲ್ಲಿ ಅದು ಸಲ್ಲದು. ಮಂಪರಿನಲ್ಲಿರುವವನಿಗೆ ನೀರು ಶ್ವಾಸನಾಳಕ್ಕೆ ಇಳಿಯಬಹುದು, ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಮನೆಗೆ ಹಿಂದಿರುಗಿದವರನ್ನೂ ಒಂದು ಹಗಲು ಒಂದು ರಾತ್ರಿ ಒಂಟಿಯಾಗಿ ಬಿಡಬಾರದು. ಏರುವ ತಲೆನೋವು, ಪದೇ ಪದೇ ವಾಂತಿ, ಅತಿಯಾದ ನಿದ್ದೆ, ತೊದಲು ಮಾತು, ಹೊಟ್ಟೆನೋವು, ಕೈಕಾಲುಗಳ ಜೋಮು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು.

ಪ್ರತಿಯೊಂದು ಗೀರಿಗೂ ಆಸ್ಪತ್ರೆಗೆ ಓಡಿದರೆ ನಿಜವಾದ ರೋಗಿಗಳಿಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎಲ್ಲರೂ ಬಳ್ಳಾರಿಗೆ ಧಾವಿಸಬೇಕಾಗಿಲ್ಲ. ನೋವು, ತಲೆಸುತ್ತು ಎಂದವರನ್ನು ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ, ಅಂತೂ ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ಪರೀಕ್ಷೆ ಮಾಡಿಸಬೇಕು. ಅಗತ್ಯವಿದ್ದವರನ್ನು ಅಲ್ಲಿಂದ ಮುಂದಕ್ಕೆ ಕಳುಹಿಸಬೇಕು. ಅದಕ್ಕೆ ಬೇಕಾದ ವೈದ್ಯರನ್ನೂ ಉಪಕರಣಗಳನ್ನೂ ಹಗಲಿರುಳು ಸಜ್ಜಾಗಿಡುವುದು ಸರಕಾರದ ಹೊಣೆ. ಟ್ರೇಲರಿಗೆ ಕೆಂಪು ದೀಪ ಹಾಕಿಸುವುದು ಒಡೆಯನ ಹೊಣೆ. ಹಿಂದಿನ ಸೀಟಿನಲ್ಲಿಯೂ ಬೆಲ್ಟು ಕಟ್ಟಿಕೊಳ್ಳುವುದು ಪ್ರಯಾಣಿಕನ ಹೊಣೆ. ಒಬ್ಬರ ಹೊಣೆಯನ್ನು ತೋರಿಸಿ ಇನ್ನೊಬ್ಬರು ಜಾರಿಕೊಳ್ಳಲಾಗದು.

ಮುಸ್ಸಂಜೆಯ ಆ ದಾರಿಯಲ್ಲಿ ಸೇರಿದ ಗುಂಪಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಹುಡುಗನೋ ಹುಡುಗಿಯೋ ಇರಬಹುದು. ಹಿರಿಯರ ವಾದದ ನಡುವೆ ಆ ಮಗು ಮುಂದೆ ಬಂದು, "ಬಂಪರಿನ ಮಾತು ಆಮೇಲೆ ಆಡ್ರಿ, ಅಜ್ಜಿನ ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ" ಎಂದರೆ ಸಾಕು. ಒಡೆದ ದೀಪವನ್ನು ಅಂಗಡಿಯಲ್ಲಿ ಕೊಳ್ಳಬಹುದು. ಹೋದ ಜೀವವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.