ಚಾವಿಯೊಳಗಿನ ಸೆಲ್ಲೂ ಮನಿ ಸಾಮಾನೇ ನೋಡ್ರಿ

ಗ್ಯಾಸ್ ಮುಗಿಯೋದ್ರಾಗ ಇನ್ನೊಂದು ಸಿಲಿಂಡರ್ ಬುಕ್ ಮಾಡ್ತೀವಿ. ಉಪ್ಪಿನ ಡಬ್ಬಿ ತಳ ಕಂಡ್ರ ಪಾಕೀಟ ತರಸ್ತೀವಿ. ಆದ್ರ ಬೈಕಿನ ಚಾವಿಯೊಳಗಿನ ಸೆಲ್ಲಿನ ಮಾತು ಬಂದ್ರ, "ಅದು ಗಂಡಸರ ಬಾಬತ್ತು ಬಿಡ್ರಿ" ಅಂತಾರ ಎಷ್ಟೋ ಮನ್ಯಾಗ. ನಾ ಒಪ್ಪಂಗಿಲ್ಲ. ಗಾಡಿ ನಡು ಹಾದ್ಯಾಗ ನಿಂತ್ರ ಹಿಂದ ಕೂತಾಕೀನೂ ಅಲ್ಲೇ ನಿಲ್ಲಬೇಕಲ್ರಿ?

ಈಗ ಬರೋ ಕೆಲವು ಬೈಕ್, ಸ್ಕೂಟರ್‌ಗೆ ತೂರಿಸಿ ತಿರುವೋ ಚಾವಿ ಇರಂಗಿಲ್ಲ. ಸ್ಮಾರ್ಟ್ ಕೀ ಅಂತ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕಿಸೆದಾಗ ಇದ್ರ ಸಾಕು, ಗಾಡಿ ಗುರ್ತು ಹಿಡೀತದ. ಆದ್ರ ಆ ಡಬ್ಬಿ ಗಾಡಿ ಯಾವಾಗ ಕರೀತದೋ ಅಂತ ಸದಾ ಕಿವಿಗೊಟ್ಟು ಕೂತಿರ್ತದ. ಹಂಗಾಗಿ ಗಾಡಿ ಹೊಡೀಲಿ ಬಿಡಲಿ, ಸೆಲ್ಲು ಸವೀತದ. ಸಾಮಾನ್ಯ ಎರಡು ವರ್ಷದ ಆಸುಪಾಸು ಬಾಳಿಕಿ. ಮೊಬೈಲ್ ಪಕ್ಕಕ್ಕ, ಇಲ್ಲಾ ಗಾಡಿ ಸನೇಕ ಇಟ್ರ ಇನ್ನೂ ಲಗೂ ಮುಗೀತದ. ಹೆಚ್ಚಿನ ಗಾಡಿ ಓಡೋವಾಗ ಸೆಲ್ಲು ಸತ್ರೂ ಇಂಜಿನ್ ನಿಲ್ಲಂಗಿಲ್ಲ. ಚಹಾಕ್ಕ ನಿಲ್ಲಿಸಿ ಮತ್ತ ಚಾಲೂ ಮಾಡಾಕ ಹೋದಾಗ ಕೈ ಕೊಡ್ತದ.

ನಮ್ಮ ತಂಗಿ ಮಗಳು ಗಂಡನ ಜೋಡಿ ಬೈಕ್ ಮ್ಯಾಲ ಧಾರವಾಡದಿಂದ ಸವದತ್ತಿಗೆ, ಅತ್ತಿ ಮನಿಗೆ ಹೊಂಟಿದ್ಲು. ಅಮ್ಮಿನಭಾವಿ ದಾಟಿ ನೀರು ಕುಡಿಯಾಕ ನಿಂತ್ರು, ಮತ್ತ ಗಾಡಿ ಚಾಲೂ ಆಗ್ಲಿಲ್ಲ. ಕೊಂಡ ಅಂಗಡಿಗೆ ಫೋನ್ ಮಾಡಿದ್ರ "ಎರಡನೇ ಚಾವಿ ತರ್ರಿ" ಅಂದ್ರಂತ. ಅದು ಧಾರವಾಡದ ಮನಿ ತಿಜೋರ್ಯಾಗ, ಬಂಗಾರದ ಜೋಡಿ! ಹೊತ್ತು ಮುಳುಗಾಕ ಬಂದಿತ್ತು. ಆಕಿ ಡಬ್ಬಿ ಬಿಚ್ಚಿ ಸೆಲ್ಲಿನ ನಂಬರ್ ಓದಿದ್ಲು. ಸಿಆರ್ 2032. ಅತ್ತಿಗೆ ಅಂತ ಒಯ್ಯಾಕತ್ತಿದ್ದ ಸಕ್ಕರಿ ನೋಡೋ ಮಶೀನ್ ಚೀಲದಾಗಿತ್ತು, ಅದರಾಗೂ ಅದೇ ಸೆಲ್ಲು. ತಗದು ಹಾಕಿದ್ಲು, ಗಾಡಿ ಚಾಲೂ ಆತು. ಸವದತ್ತಿಯೊಳಗ ವಾಚ್ ರಿಪೇರಿ ಅಂಗಡ್ಯಾಗ ಹೊಸಾ ಸೆಲ್ಲು ತೊಗೊಂಡು ಮಶೀನಿಗೆ ಹಾಕಿ ಅತ್ತಿ ಕೈಗೆ ಕೊಟ್ಲು. ಗಂಡಸರ ಬಾಬತ್ತು ಅಂತ ಆಕಿ ಸುಮ್ಮನ ಕೂತಿದ್ರ?

ಆ ನಂಬರಿನ ಅರ್ಥ ಸರಳ ಅದ. 20 ಅಂದ್ರ 20 ಮಿಲಿಮೀಟರ್ ಅಗಲ, 32 ಅಂದ್ರ 3.2 ಮಿಲಿಮೀಟರ್ ದಪ್ಪ. 2025 ಅಂತ ಇನ್ನೊಂದು ಬರ್ತದ, ಅಗಲ ಅಷ್ಟೇ, ದಪ್ಪ 2.5. ಅದು ಇದರ ಜಾಗದಾಗ ಸಡ್ಲ ಆಗ್ತದ. ಅದಕ್ಕ ಹಳೇ ಸೆಲ್ಲಿನ ನಂಬರ್ ನೋಡೇ ತರಬೇಕು. ರೊಕ್ಕ ಏನ್ ಭಾಳ ಆಗಂಗಿಲ್ಲ, ಎರಡು ಪ್ಲೇಟ್ ಗಿರಮಿಟ್ಟಿನಷ್ಟು.

ಊರಿಗೆ ಹೋಗೋವಾಗ ಒಂದು ಹೊಸಾ ಸೆಲ್ಲು ಪಾಕೀಟ ಒಡೀದಂಗ ನಿಮ್ಮ ಪರ್ಸಿನ್ಯಾಗ ಇರ್ಲಿ. ಸೀಟಿನ ಕೆಳಗ ಇಡಬ್ಯಾಡ್ರಿ, ಕೆಲವು ಗಾಡ್ಯಾಗ ಚಾವಿ ಸತ್ರ ಸೀಟೂ ತೆರಿಯಂಗಿಲ್ಲ. ದೂರದ ಹಾದಿ ಇದ್ರ ಎರಡನೇ ಚಾವಿ ಇನ್ನೊಬ್ಬರ ಚೀಲದಾಗ ಇರ್ಲಿ. ಸೆಲ್ಲು ಸತ್ರ ಏನ್ ಮಾಡಬೇಕು ಅನ್ನೋದು ಗಾಡಿ ಪುಸ್ತಕದಾಗ ಇರ್ತದ. ಕೆಲವಕ್ಕ ಡಬ್ಬಿಯೊಳಗ ಸಣ್ಣ ಲೋಹದ ಚಾವಿ ಇರ್ತದ, ಕೆಲವಕ್ಕ ಗುಪ್ತ ನಂಬರ್ ಹಾಕಬೇಕು, ಕೆಲವಕ್ಕ ಡಬ್ಬೀನ ಗಾಡಿಯ ಒಂದು ಗೊತ್ತಾದ ಜಾಗಕ್ಕ ಹಿಡೀಬೇಕು. ಆ ಪುಟದ ಫೋಟೋ ಮೊಬೈಲಿನ್ಯಾಗ ಇಟ್ಕೊಳ್ರಿ. ಗುಪ್ತ ನಂಬರ್ ಮಾತ್ರ ಮನಿ ಗ್ರೂಪಿಗೆ ಹಾಕಬ್ಯಾಡ್ರಿ! ಮನಿ ಅಂಗಳದಾಗ ಒಮ್ಮೆ ಮಾಡಿ ನೋಡಿದ್ರ ಹಾದ್ಯಾಗ ಕೈ ನಡುಗಂಗಿಲ್ಲ.

ಕೂಸು ಇರೋ ಮನಿಯವರು ಇದನ್ನ ಮರೀಬ್ಯಾಡ್ರಿ. ಈ ಸೆಲ್ಲು ನೋಡಾಕ ರೂಪಾಯಿ ಹಂಗ, ಆದ್ರ ಕೂಸು ನುಂಗಿ ಗಂಟಲದಾಗ ಸಿಕ್ಕೊಂಡ್ರ ಎರಡೇ ತಾಸಿನ್ಯಾಗ ಅನ್ನನಾಳ ಸುಟ್ಟು ಹಾಕಬಹುದು. ವಾಂತಿ ಮಾಡಿಸಬಾರದು, ನಾಳೆ ನೋಡೋಣು ಅಂತ ಕೂಡಬಾರದು, ತಕ್ಷಣ ದವಾಖಾನಿಗೆ ಒಯ್ಯಬೇಕು. ತಗದ ಹಳೇ ಸೆಲ್ಲಿಗೂ ಎರಡೂ ಕಡೆ ಟೇಪ್ ಸುತ್ತಿ ಎತ್ತರಕ್ಕ ಇಡ್ರಿ. ಸತ್ತದ್ದು ಅನ್ನೋ ಸೆಲ್ಲಿನ್ಯಾಗೂ ಸುಡೋವಷ್ಟು ಜೀವ ಇರ್ತದ.

"ಹಳೇ ಚಾವೀನೇ ಛಲೋ ಇತ್ತು" ಅನ್ನೋವರು ಇದ್ದಾರ. ಇರಬಹುದು. ಆದ್ರ ಗಾಡಿ ಮನಿಗೆ ಬಂದಾಗೇದ. ಖಂಡೇನವಮಿಗೆ ಗಾಡಿ ತೊಳದು, ಹೂವಿನ ಮಾಲಿ ಹಾಕಿ, ನಿಂಬಿಹಣ್ಣು ಗಾಲಿ ಕೆಳಗ ಇಡೋವರು ನಾವೇ ಅಲ್ರಿ? ಒಂದು ಬಿಟ್ಟು ಒಂದು ಖಂಡೇನವಮಿಗೆ ಚಾವಿಯ ಸೆಲ್ಲೂ ಬದಲಸ್ರಿ. ತಾರೀಖು ನೆನಪಿಡೋ ಕೆಲಸಾನೂ ಉಳೀತದ.