ಕಿವಿಯೊಳಗಿನ ಕಾಳಗ

ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯಂಥ ಊರುಗಳಲ್ಲಿ ಕಿವಿ ಸೋರುವ ಕೂಸು ಅಪರೂಪವೇನಲ್ಲ. ನೆಗಡಿಯ ಬೆನ್ನಿಗೇ ಕಿವಿನೋವು. ರಾತ್ರಿಯೆಲ್ಲ ಅತ್ತ ಕೂಸು ಬೆಳಗಿನ ಜಾವ ಸುಮ್ಮನಾಗುತ್ತದೆ. ದಿಂಬಿನ ಮೇಲೆ ಹಳದಿ ಕೀವಿನ ಕಲೆ. ಕಿವಿಯ ತಮಟೆ ಹರಿದು, ಒಳಗಿನ ಒತ್ತಡ ಇಳಿದಿದೆ. ‘ಹೊಲಸು ಹೋತು ಬಿಡು, ಇನ್ನ ಆರಾಮ’ ಎನ್ನುತ್ತಾರೆ ಮನೆಯ ಹಿರಿಯರು.

ಅದು ಬರೀ ಹೊಲಸಲ್ಲ. ಬಹುಪಾಲು ಸತ್ತ ಬಿಳಿರಕ್ತಕಣಗಳು!

ತಮಟೆಯ ಹಿಂದಿನ ಗಾಳಿ ತುಂಬಿದ ಪುಟ್ಟ ಕೋಣೆಯೇ ಮಧ್ಯಕಿವಿ. ಅಲ್ಲಿಂದ ಮೂಗಿನ ಹಿಂಬದಿಗೆ ಒಂದು ನಾಳವಿದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ಕೂಸಿನಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ಹೀಗಾಗಿ ನೆಗಡಿಯಾದಾಗ ರೋಗಾಣುಗಳು ಸಲೀಸಾಗಿ ಒಳಸೇರುತ್ತವೆ. ಕಾವಲಿನ ಕೋಶಗಳು ರಾಸಾಯನಿಕ ಸಂಕೇತ ಹೊರಡಿಸಿದೊಡನೆ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ನುಗ್ಗಿ ಬಂದು ರೋಗಾಣುಗಳನ್ನು ನುಂಗುತ್ತವೆ, ತಾವೂ ಸಾಯುತ್ತವೆ. ಕೋಶಗಳು ಹೀಗೆ ನುಂಗಿ ಕಾಯುತ್ತವೆಂದು ತೋರಿಸಿದವನು ರಷ್ಯದ ಮೆಚ್ನಿಕಾಫ್. 1882ರಲ್ಲಿ ಆತ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತುವುದನ್ನು ಕಂಡ. 1908ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದ.

ನ್ಯೂಟ್ರೊಫಿಲ್‌ಗೆ ಇನ್ನೊಂದು ಅಸ್ತ್ರವಿರುವುದು ತಿಳಿದದ್ದು 2004ರಲ್ಲಿ. ಅದು ತನ್ನೊಳಗಿನ ಡಿಎನ್‌ಎ ಎಳೆಗಳನ್ನೇ ಬಲೆಯಾಗಿ ಹೊರಚೆಲ್ಲಿ ರೋಗಾಣುವನ್ನು ಹಿಡಿಯುತ್ತದೆ. ತೊಡಕಿರುವುದೂ ಇಲ್ಲಿಯೇ. ಪದೇ ಪದೇ ಕಿವಿ ಕೆಡುವ ಮಕ್ಕಳ ಮಧ್ಯಕಿವಿಯ ದ್ರವದಲ್ಲಿ ಈ ಬಲೆಗಳು ಸಿಕ್ಕಿವೆ. ಲೋಳೆಯೊಂದಿಗೆ ಬೆರೆತು ದ್ರವವನ್ನು ಅಂಟಿನಂತೆ ಮಂದವಾಗಿಸುತ್ತವೆ. ಕೆಲವು ರೋಗಾಣುಗಳಿಗೆ ಅದೇ ಅಡಗುತಾಣವೂ ಆಗುತ್ತದೆ. ಕಾಯಲು ಹಾಕಿದ ಬೇಲಿಯಲ್ಲಿ ಕಳ್ಳನೇ ಮನೆ ಮಾಡಿದಂತೆ.

ಆಗ ನೋವಿಲ್ಲ, ಜ್ವರವಿಲ್ಲ. ಕಿವಿ ಮಾತ್ರ ಮಂದ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗ ಮೂರು ಸಲ ಕರೆದರೂ ಓಗೊಡುವುದಿಲ್ಲ. ಉಕ್ತಲೇಖನದಲ್ಲಿ ಅಕ್ಷರ ತಪ್ಪುತ್ತವೆ. ಅವನಿಗೆ ದಡ್ಡನೆಂಬ ಹೆಸರು, ಮನೆಯಲ್ಲಿ ಏಟು. ಪಾಪ, ಅವನಿಗೆ ಕೇಳಿಸಿಯೇ ಇರುವುದಿಲ್ಲ.

ವಯಸ್ಸಾದಂತೆ ನಾಳ ಉದ್ದವಾಗುತ್ತದೆ. ಒಮ್ಮೆ ಕಂಡ ರೋಗಾಣುವನ್ನು ನೆನಪಿಡುವ ಲಿಂಫೊಸೈಟ್ ಕಣಗಳೂ ಪಳಗುತ್ತವೆ. ಲಸಿಕೆ ಈ ನೆನಪನ್ನು ಮೊದಲೇ ಕಲಿಸುತ್ತದೆ. ಕಿವಿಗೂ ಶ್ವಾಸಕೋಶಕ್ಕೂ ಕಾಟ ಕೊಡುವ ನ್ಯುಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದಾದ್ಯಂತ ಸರಕಾರಿ ಕಾರ್ಯಕ್ರಮದಲ್ಲಿದೆ: 6ನೇ ವಾರ, 14ನೇ ವಾರ, 9ನೇ ತಿಂಗಳು. ಎಲ್ಲ ಕಿವಿನೋವನ್ನೂ ಅದು ತಡೆಯದು, ನಿಜ. ತಾಯಿಯ ಹಾಲೂ ಕೂಸಿಗೆ ಪ್ರತಿಕಾಯಗಳನ್ನು ಕೊಡುತ್ತದೆ.

ಸೋರುವ ಕಿವಿಗೆ ಕಾಸಿದ ಎಣ್ಣೆ ಬಿಡುವ ರೂಢಿ ಮಾತ್ರ ಬೇಡವೇ ಬೇಡ; ಹರಿದ ತಮಟೆಯ ಮೂಲಕ ಅದು ನೇರ ಒಳಗಿಳಿಯುತ್ತದೆ. ವೈದ್ಯರಿಗೆ ತೋರಿಸಬೇಕು. ನೋವು ಹೋದ ಮೇಲೂ ಉಳಿಯುವ ದ್ರವ ಬಹುಪಾಲು ಮಕ್ಕಳಲ್ಲಿ 3 ತಿಂಗಳೊಳಗೆ ತಾನೇ ಇಂಗುತ್ತದೆ. ಆಮೇಲೂ ಮಗು ‘ಆಂ?’ ಎನ್ನುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು.